ಒಂದು ಕೂಗಿಗೆ ಇಬ್ಬರು

ಆ ರಂಗಮಂದಿರದಲ್ಲಿ ಬೆಳಗಾಗುತ್ತಿದ್ದದ್ದು ಸಂಜೆ ಹೊತ್ತು. ಮಕ್ಕಳ ನಾಟಕಗಳಿಗೆಂದೇ ಕಟ್ಟಿದ ಸಣ್ಣ ಮಂದಿರ ಅದು. ಶಾಲೆ ಬಿಟ್ಟ ಮೇಲೆ ಆಟ ಶುರು, ಆಟದ ಕೊನೆಗೆ ಸೂರ್ಯೋದಯ. ರಾಜನ ಕಥೆ ಇರಲಿ, ನರಿಯ ಕಥೆ ಇರಲಿ, ಕೊನೆಯಲ್ಲಿ ಆ ಒಂದು ಮುಂಜಾವು ಇರಲೇಬೇಕು. ಮೊದಲು ಎಲ್ಲಿಂದ ಬಂತೆಂದು ತಿಳಿಯದ ಒಂದು ಬೂದು ಬಣ್ಣ, ಆಮೇಲೆ ಅದರೊಳಗೆ ಒಂಚೂರು ನೀಲಿ, ನೀಲಿಯ ಅಂಚಿನಲ್ಲಿ ನಾಚಿಕೊಂಡು ನಿಂತ ಗುಲಾಬಿ, ಕೊನೆಗೆ ವೇದಿಕೆಯ ಹಲಗೆಗಳ ಮೇಲೆ ಹೊನ್ನಿನ ಬಿಸಿಲು. ಒಂದು ಲೋಟ ಚಹಾ ತಣ್ಣಗಾಗುವಷ್ಟು ಹೊತ್ತು ಹಿಡಿಯುತ್ತಿತ್ತು. ನೋಡುತ್ತ ಕೂತ ಮಕ್ಕಳು ಈಗ ತಾನೇ ಹಾಸಿಗೆಯಿಂದ ಎದ್ದವರ ಹಾಗೆ ಆಕಳಿಸಿ ಮೈಮುರಿಯುತ್ತಿದ್ದರು.

ಆ ಮುಂಜಾವನ್ನು ಎಷ್ಟೋ ವರ್ಷಗಳ ಹಿಂದೆ ಹೊಂದಿಸಿದವರು ಬೆಳಕಿನ ಮೇಷ್ಟ್ರು. ಈಗ ಅವರ ಕಣ್ಣಿಗೆ ಪೊರೆ ಬಂದಿದೆ. ಕೆಲಸ ಬಿಟ್ಟಿದ್ದಾರೆ, ಆದರೆ ಮಂದಿರ ಬಿಟ್ಟಿಲ್ಲ. ದಿನಾ ಬಂದು ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತು ಎಲ್ಲರ ಕೆಲಸಕ್ಕೂ ಮೂಗು ತೂರಿಸುತ್ತಾರೆ. ಒಂದು ದಿನ ಅವರ ಮುಂಜಾವು ಅರ್ಧ ದಾರಿಯಲ್ಲಿ ನಿಂತುಬಿಟ್ಟಿತು. ಬೂದು ಬಂತು, ನೀಲಿ ಬಂತು, ಗುಲಾಬಿ ಬರುವ ಹೊತ್ತಿಗೆ ದೀಪಗಳು ತೊದಲಿ, ಕಣ್ಣು ಮಿಟುಕಿಸಿ ಆರಿಹೋದವು. ಮಕ್ಕಳು ಪಾಪ, ಕತ್ತಲೆಯಲ್ಲೇ ಚಪ್ಪಾಳೆ ಹೊಡೆದರು.

“ಏ ರಿಪೇರೀ!” ಎಂದು ಮೇಷ್ಟ್ರು ಕೂಗಿದರು. ಇನ್ನೊಮ್ಮೆ ಕೂಗಿದರು. ಮೂರನೇ ಕೂಗಿಗೆ ಅವಳು, ಎಲ್ಲ ದೀಪಗಳನ್ನೂ ನಡೆಸುವ ಬೆಳಕಿನ ಮೇಜಿನ ಹಿಂದಿನಿಂದ ತಲೆ ಎತ್ತಿದಳು.

ಆ ಹೆಸರು ಅವಳಿಗೆ ಒಂದಿಷ್ಟೂ ಹಿಡಿಸುತ್ತಿರಲಿಲ್ಲ. ಪಕ್ಕದ ಬೀದಿಯಲ್ಲಿ ರೇಡಿಯೋ, ತಕ್ಕಡಿ, ಮಿಕ್ಸರು ರಿಪೇರಿ ಮಾಡುವ ಅಂಗಡಿ ಅವಳದ್ದು, ಮಂದಿರದ ಯಂತ್ರಗಳನ್ನು ನೋಡಿಕೊಳ್ಳುವವಳೂ ಅವಳೇ, ಅದೆಲ್ಲ ಸರಿ. ಹಾಗಂತ ಮನುಷ್ಯರನ್ನು ಬೋರ್ಡು ನೋಡಿ ಕರೆಯುತ್ತಾರೆಯೇ? ಅದಕ್ಕೇ ಮೂರು ಸಲ ಕೂಗಿಸದೆ ಅವಳು ಓಗೊಡುತ್ತಿರಲಿಲ್ಲ. ನಾವಂತೂ ಅವಳನ್ನು ತಂಗಿ ಅನ್ನೋಣ. ಅವಳಿಗೊಬ್ಬಳು ಅಕ್ಕ ಇದ್ದಾಳೆ, ಕಥೆ ಇರುವುದೂ ಅಲ್ಲೇ.

ಹೆರಿಗೆಯಾದ ಮೇಲೆ ಅಕ್ಕನ ಮನಸ್ಸಿಗೆ ಒಂದು ಕಾಯಿಲೆ ಕವಿದುಕೊಂಡಿತ್ತು. ಮಗು ಅತ್ತರೆ ಅವಳು ಗೋಡೆ ನೋಡುತ್ತಿದ್ದಳು. ಮಗುವಿನ ಅಪ್ಪ ಅದಕ್ಕೂ ಮುಂಚೆಯೇ ಜಾಗ ಖಾಲಿ ಮಾಡಿದ್ದ. ಆಸ್ಪತ್ರೆ, ಊರಾಚೆಯ ಆರೈಕೆ ಮನೆ, ಮತ್ತೆ ಆಸ್ಪತ್ರೆ ಅಂತ ಅಕ್ಕನ ವರ್ಷಗಳು ಕಳೆದವು. ಮಗು ತಂಗಿಯ ಮಡಿಲಲ್ಲಿ ಬೆಳೆಯಿತು, ಅಂಗಡಿಯ ಮೇಜಿನ ಕೆಳಗೆ ಅಂಬೆಗಾಲಿಟ್ಟಿತು, ಮಾತು ಬಂದಾಗ ಅವಳ ಮುಖ ನೋಡಿಯೇ ಅಮ್ಮಾ ಅಂದಿತು. ತಂಗಿ ಸುಳ್ಳು ಹೇಳಲಿಲ್ಲ. ಗೋಡೆಯ ಫೋಟೋ ತೋರಿಸಿ, “ನಿನ್ನ ಹೆತ್ತಮ್ಮ ಇವಳು. ಹುಷಾರಿಲ್ಲ ಅವಳಿಗೆ, ವಾಸಿಯಾದ ಮೇಲೆ ಬರ್ತಾಳೆ,” ಎಂದು ಹೇಳುತ್ತಲೇ ಬಂದಳು. ಆದರೆ ಅಮ್ಮಾ ಎಂದಾಗ ಓಗೊಡುವುದನ್ನೂ ಬಿಡಲಿಲ್ಲ. ಓಗೊಡದೆ ಇರುವುದಾದರೂ ಹೇಗೆ, ಹೇಳಿ.

ಆ ಮಗು ಮಾತಿನಲ್ಲಿ ಚಿನಕುರಳಿ. ಮನೆಯಲ್ಲೂ ಶಾಲೆಯಲ್ಲೂ ಅದೇ ಹೆಸರು ನಿಂತುಬಿಟ್ಟಿತ್ತು. ಬೆಳಗ್ಗೆ ಕಣ್ಣು ಬಿಟ್ಟಾಗ ಸಿಡಿಯಲು ಶುರುಮಾಡಿದರೆ ಕಣ್ಣು ಮುಚ್ಚುವ ತನಕ ಬಿಡುವಿಲ್ಲ.

ಮೇಷ್ಟ್ರ ಮುಂಜಾವು ಕೆಟ್ಟ ದಿನಗಳಲ್ಲೇ ಅಕ್ಕ ಗುಣವಾಗಿ ಮನೆಗೆ ಬಂದಳು. ತೆಳ್ಳಗಾಗಿದ್ದಳು. ತನ್ನದೇ ಮನೆಯಲ್ಲಿ ಕಪಾಟಿನ ಬಾಗಿಲು ತೆಗೆಯಲು ಸಹ “ತೆಗೀಲಾ?” ಎಂದು ಕೇಳುತ್ತಿದ್ದಳು. ಬಂದ ಮಾರನೇ ಬೆಳಗ್ಗೆ ಚಿನಕುರಳಿ ಎಂದಿನ ಹಾಗೆ ಕೂಗಿದಳು: “ಅಮ್ಮಾ, ನನ್ನ ಸಾಕ್ಸ್ ಎಲ್ಲಿ?”

“ಕುರ್ಚಿ ಮೇಲೆ,” ಎಂದಳು ತಂಗಿ.

“ಬಾಗಿಲ ಹಿಂದೆ,” ಎಂದಳು ಅಕ್ಕ. ಎರಡು ದನಿಯೂ ಒಟ್ಟಿಗೆ ಬಂದವು.

ಮಗು ಇಬ್ಬರ ಮುಖವನ್ನೂ ನೋಡಿತು, ತಾನೇ ಏನೋ ತಪ್ಪು ಮಾಡಿದ ಹಾಗೆ. ಹೀಗೇ ಇನ್ನೂ ಕೆಲವು ಸಲ ಆಯಿತು. ಆಮೇಲೆ ಚಿನಕುರಳಿ ಕರೆಯುವುದನ್ನೇ ನಿಲ್ಲಿಸಿಬಿಟ್ಟಳು. ಏನಾದರೂ ಬೇಕಾದರೆ ಹತ್ತಿರ ಬಂದು ತೋಳು ಎಳೆಯುತ್ತಿದ್ದಳು, ಇಲ್ಲವೇ ಗಾಳಿಗೆ ಹೇಳುವಂತೆ “ನೀರು ಬೇಕಿತ್ತು” ಅನ್ನುತ್ತಿದ್ದಳು. ಸಿಡಿಯುವುದೂ ಕಡಿಮೆಯಾಯಿತು. ಮನೆ ಸದ್ದಿಲ್ಲದೆ ಬಿಕೋ ಅನ್ನತೊಡಗಿತು.

ತಂಗಿಗೆ ಎದೆಯಲ್ಲಿ ಬೆಂಕಿ ಬಿದ್ದ ಹಾಗಿತ್ತು. ಅಕ್ಕ ಗುಣವಾಗಿದ್ದಕ್ಕೆ ಸಂತೋಷ, ಅದು ನಿಜ. ಇನ್ನೊಂದೆರಡು ವರ್ಷ ತಡವಾಗಿ ಗುಣವಾಗಿದ್ದರೆ ಏನಾಗುತ್ತಿತ್ತು ಅನಿಸಿದ್ದೂ ನಿಜ. ಹಾಗೆ ಅನಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆ. ಅಮ್ಮಾ ಅನ್ನುವ ಆ ಒಂದು ಕೂಗು ಹೋದರೆ ತನಗೆ ಉಳಿಯುವುದೇನು ಎಂದು ಯೋಚಿಸಿದಾಗಲೆಲ್ಲ ಅವಳು ಬಿಗಿದ ಸ್ಕ್ರೂವನ್ನೇ ಮತ್ತೆ ಬಿಚ್ಚಿ ಬಿಗಿಯುತ್ತಿದ್ದಳು.

ಮನೆಯ ಯೋಚನೆಯಿಂದ ತಪ್ಪಿಸಿಕೊಳ್ಳಲು ಅವಳು ಮಂದಿರದ ಕೆಲಸಕ್ಕೆ ಬಿದ್ದಳು. ಬೆಳಕಿನ ಮೇಜಿನ ಹೊಟ್ಟೆಯಲ್ಲಿ ಉಗುರಿನಷ್ಟು ಅಗಲದ ಒಂದು ಮೆಮೊರಿ ಚಿಪ್ ಇತ್ತು. ಯಾವ ಗಳಿಗೆಯಲ್ಲಿ ಯಾವ ದೀಪ ಎಷ್ಟು ಉರಿಯಬೇಕು ಅನ್ನುವುದೆಲ್ಲ ಅದರೊಳಗೆ. ಮೇಜಿಗೂ ಚಿಪ್‌ಗೂ ನಡುವೆ ಎರಡೇ ಎರಡು ತಂತಿ. ಆ ತಂತಿಗಳಿಗೆ ಬಸ್ ಅನ್ನುತ್ತಾರೆ, ಯಾಕೋ ಏನೋ. ಮೇಜು ಒಂದು ವಿಳಾಸ ಹೇಳಿ ಕೂಗುತ್ತದೆ. ಕೂಗು ತಂತಿಗೆ ತಾಗಿಕೊಂಡವರಿಗೆಲ್ಲ ಕೇಳಿಸುತ್ತದೆ, ಆದರೆ ಆ ವಿಳಾಸದವರು ಮಾತ್ರ ಓಗೊಡಬೇಕು. ಮೊದಲನೇ ದೀಪ ಎಷ್ಟು? ಇಷ್ಟು. ಎರಡನೆಯದು? ಇಷ್ಟು. ಕರೆಯದ ಹೊರತು ಚಿಪ್ ತಾನಾಗಿ ಬಾಯಿ ಬಿಡುವಂತಿಲ್ಲ.

ಅಂಥ ಚಿಪ್ ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಕಿತ್ತು ತೆಗೆಯಲು ಮೇಷ್ಟ್ರು ಬಿಡಲೊಲ್ಲರು. “ಅದರ ಎದೆಗೆ ಕಾದ ಕಬ್ಬಿಣ ಇಡ್ತೀಯಾ?” ಎಂದು ರೇಗಿದರು. ಅವರ ಮಾತಲ್ಲೂ ಹುರುಳಿತ್ತು, ಕಾಯಿಸಿದರೆ ಚಿಪ್ ಕೂತಿದ್ದ ಹಳೇ ಸರ್ಕ್ಯೂಟ್ ಬೋರ್ಡು ಸಿಪ್ಪೆಯ ಹಾಗೆ ಏಳುತ್ತಿತ್ತು. ತಂಗಿ ಚಿಪ್ ತಟ್ಟಿ ನೋಡಿದಳು, ಕರೆದು ನೋಡಿದಳು. ಉತ್ತರವಿಲ್ಲ. ಸತ್ತಿದೆ ಎಂದು ತೀರ್ಮಾನಿಸಿದಳು. ಸತ್ತದ್ದು ಅಲ್ಲೇ ಬಿದ್ದಿರಲಿ, ಅದರ ಜಾಗದಲ್ಲಿ ಬೇರೆ ಯಾರಾದರೂ ಓಗೊಟ್ಟರೆ ಮೇಜಿಗೆ ಹೇಗೆ ಗೊತ್ತಾಗಬೇಕು?

ಅವಳ ಹತ್ತಿರ ಅಂಗೈಯಗಲದ ಒಂದು ಕಂಪ್ಯೂಟರ್ ಇತ್ತು. ಅದರ ಆಪರೇಟಿಂಗ್ ಸಿಸ್ಟಮ್‌ಗೆ ವೇಷ ಕಟ್ಟುವ ವಿದ್ಯೆ ಗೊತ್ತಿತ್ತು. ಈ ವಿಳಾಸಕ್ಕೆ ಯಾರಾದರೂ ಕೂಗಿದರೆ ನೀನು ಮೆಮೊರಿ ಚಿಪ್‌ನ ಹಾಗೆ ಓಗೊಡು ಎಂದು ಒಂದು ಸಾಲು ಬರೆದರೆ ಸಾಕು, ಅದು ಚಿಪ್ ಆಗಿಬಿಡುತ್ತಿತ್ತು. ತಂತಿಯ ಕಡೆಯಿಂದ ನೋಡಿದರೆ ಸಾಕ್ಷಾತ್ ಚಿಪ್, ಅವಳ ಕಡೆಯಿಂದ ನೋಡಿದರೆ ಬರೀ ಒಂದು ಫೈಲು. ಫೈಲಿನಲ್ಲಿ ಒಂದು ಅಂಕಿ ತಿದ್ದಿದರೆ ಮರುಗಳಿಗೆ ವೇದಿಕೆಯ ಮೇಲೆ ಒಂದು ದೀಪ ಬಣ್ಣ ಬದಲಿಸಬೇಕು. ಒಂದೇ ಕೊರತೆ. ನಿಜವಾದ ಚಿಪ್‌ಗೆ ಮಲಗಿ ಎದ್ದರೂ ನೆನಪಿರುತ್ತದೆ, ವೇಷದ ಚಿಪ್‌ಗೆ ಎಚ್ಚರವಿರುವ ತನಕ ಮಾತ್ರ. ಪ್ರತಿ ಸಲ ಎಬ್ಬಿಸಿ, ನೀನು ಯಾರು ಅನ್ನುವುದನ್ನು ಮೊದಲಿನಿಂದ ಹೇಳಿಕೊಡಬೇಕು.

ತಂಗಿ ಎರಡು ತಂತಿಗೆ ಎರಡು ಕ್ಲಿಪ್ ಸಿಕ್ಕಿಸಿ, ತನಗೆ ನೆನಪಿದ್ದ ಮುಂಜಾವನ್ನು ಅಂಕಿಯಲ್ಲಿ ಬರೆದು, ಮೇಜನ್ನು ಎಬ್ಬಿಸಿದಳು. ಮುಂಜಾವು ಬಂತು, ಆದರೆ ಕಂಬಳಿ ಹೊದ್ದುಕೊಂಡು ಬಂತು. ನೀಲಿ ಇರಬೇಕಾದಲ್ಲಿ ಮಸಿ, ಗುಲಾಬಿ ಇರಬೇಕಾದಲ್ಲಿ ತುಕ್ಕು.

“ಇದೇನು ಸೂರ್ಯೋದಯಾನಾ ಗ್ರಹಣಾನಾ?” ಎಂದರು ಮೇಷ್ಟ್ರು. ಪೊರೆ ಬಂದ ಕಣ್ಣಿಗೇ ಹಾಗೆ ಕಂಡಿತು ಅಂದರೆ ಮಿಕ್ಕವರ ಪಾಡು ನೀವೇ ಊಹಿಸಿ.

ಅವಳು ಅಂಕಿ ಹೆಚ್ಚಿಸಿದಳು. ಕತ್ತಲೆ ಕದಲಲಿಲ್ಲ. ತಂತಿ ಬದಲಿಸಿದಳು, ಕ್ಲಿಪ್ ಬದಲಿಸಿದಳು, ಕೊನೆಗೆ ಕೂರುವ ಸ್ಟೂಲನ್ನೂ ಬದಲಿಸಿದಳು. ಹೊಸ ನಾಟಕದ ಮೊದಲ ಆಟ ಹತ್ತಿರ ಬರುತ್ತಿತ್ತು. ಹಿಂದಿನ ಸಾಲಿನ ಕುರ್ಚಿಯಲ್ಲಿ ಒರಗಿದಾಗ ಅರೆನಿದ್ದೆಯಲ್ಲಿ ಆ ಎರಡು ತಂತಿಗಳು ಉದ್ದನೆಯ ಬೀದಿಯಾಗಿ ಕಾಣುತ್ತಿದ್ದವು. ಬೀದಿಯ ಎರಡೂ ಕಡೆ ಮುಚ್ಚಿದ ಬಾಗಿಲುಗಳು. ಯಾರೋ ಒಂದು ಮಗು ಕೂಗುತ್ತ ಹೋಗುತ್ತಿತ್ತು, ಅವಳು ಒಳಗಿನಿಂದ ಚಿಲಕ ಹುಡುಕುತ್ತಿದ್ದಳು. ಚಿಲಕ ಕೈಗೆ ಸಿಗುವ ಮುಂಚೆ ಎಚ್ಚರವಾಗುತ್ತಿತ್ತು.

ಉತ್ತರ ಸಿಕ್ಕಿದ್ದು ಮನೆಯಲ್ಲಿ. ಸಂಜೆ ಚಿನಕುರಳಿ ಲೆಕ್ಕ ಮಾಡುತ್ತ ಕೂತಿದ್ದಳು. ಪೆನ್ಸಿಲ್ ಮೊನೆ ಮುರಿಯಿತು. ಮೈಮರೆತು, “ಅಮ್ಮಾ!” ಅಂದಳು.

“ಏನು ಕಂದಾ?” ಅಡುಗೆಮನೆಯಿಂದ ಅಕ್ಕ, ಕಿಟಕಿಯ ಹತ್ತಿರದಿಂದ ತಂಗಿ.

ಮಗು ತಲೆ ತಗ್ಗಿಸಿತು. “ಏನಿಲ್ಲ,” ಅಂದಿತು.

ತಂಗಿ ಹಾಗೇ ನಿಂತಳು. ಇಬ್ಬರು ಬಾಯ್ತುಂಬ ಓಗೊಟ್ಟಿದ್ದರು, ಮಗುವಿಗೆ ತಲುಪಿದ್ದು ಏನಿಲ್ಲ. ಆ ತಂತಿಗಳ ಕಾನೂನೂ ಇದೇ ಅಲ್ಲವೇ? ಅಲ್ಲಿ ಒಂದು ಅನ್ನುವುದೆಂದರೆ ತಂತಿಯನ್ನು ಅದರ ಪಾಡಿಗೆ ಬಿಡುವುದು, ಸೊನ್ನೆ ಅನ್ನುವುದೆಂದರೆ ಕೆಳಗೆ ಎಳೆಯುವುದು. ಇಬ್ಬರು ಒಟ್ಟಿಗೆ ಓಗೊಟ್ಟಾಗ ಒಬ್ಬರು ಎಳೆದರೂ ಸಾಕು, ತಂತಿ ಕೆಳಕ್ಕೆ ಬೀಳುತ್ತದೆ. ಪ್ರತಿ ಅಂಕಿಯಲ್ಲೂ ಸೊನ್ನೆಯೇ ಗೆಲ್ಲುತ್ತದೆ, ವೇದಿಕೆಯ ಮೇಲೆ ಕತ್ತಲೆಯೇ ಗೆಲ್ಲುತ್ತದೆ.

“ಅಯ್ಯೋ, ಅದು ಸತ್ತೇ ಇಲ್ಲ!” ಎಂದು ಗಟ್ಟಿಯಾಗಿ ಅಂದುಬಿಟ್ಟಳು.

“ಯಾರು?” ಅಕ್ಕ ಗಾಬರಿಯಿಂದ ಸೌಟು ಹಿಡಿದೇ ಹೊರಗೆ ಬಂದಳು.

“ಹಳೇ ಚಿಪ್. ಒಂದೊಂದ್ಸಲ ತೂಕಡಿಸುತ್ತೆ, ಒಂದೊಂದ್ಸಲ ಓಗೊಡುತ್ತೆ. ನಾನು ಅದೇ ವಿಳಾಸದಲ್ಲಿ ಇನ್ನೊಬ್ಬರನ್ನ ತಂದು ಕೂರಿಸಿದೀನಿ.”

ಅಕ್ಕ ಸೌಟು ಕೆಳಗಿಳಿಸಿ, “ಪಾಪ,” ಅಂದಳು. ಯಾರಿಗೆ ಅಂದಳೋ ತಿಳಿಯಲಿಲ್ಲ.

ಮಲಗುವ ಮುಂಚೆ ತಂಗಿ ಒಂದು ನಿಶ್ಚಯ ಮಾಡಿದಳು. ಇನ್ನು ಮೇಲೆ ಅಮ್ಮಾ ಎಂದು ಕೇಳಿಸಿದರೆ ಬಾಯಿಗೆ ಬೀಗ. ದೊಡ್ಡ ತ್ಯಾಗ ಮಾಡಿದೆ ಎಂದು ಕಣ್ಣು ಒದ್ದೆಯಾಯಿತು. ತಾನು ಸುಮ್ಮನಾದರೆ ಮಗು ಹುಡುಕಿಕೊಂಡು ತನ್ನ ಹತ್ತಿರವೇ ಬರುತ್ತದೆ ಅನ್ನುವ ಸಣ್ಣ ಆಸೆಯೂ ಆ ತ್ಯಾಗದ ಸೆರಗಿನಲ್ಲಿ ಅಡಗಿ ಕೂತಿತ್ತು.

ಮರುದಿನ ಶಾಲೆ ಬಿಟ್ಟ ಮೇಲೆ ಅಕ್ಕ ಚಿನಕುರಳಿಯ ಕೈ ಹಿಡಿದುಕೊಂಡು ಮೊದಲ ಸಲ ಮಂದಿರಕ್ಕೆ ಬಂದಳು. ಬೆಳಕು ಎಲ್ಲೆಲ್ಲಿ ಬೀಳುತ್ತದೆ ಎಂದು ನೋಡಲು ನಟರ ಬದಲು ಯಾರಾದರೂ ವೇದಿಕೆಯ ಮೇಲೆ ನಿಲ್ಲಬೇಕು, ಆ ಕೆಲಸ ಯಾವಾಗಲೂ ಚಿನಕುರಳಿಯದು. ಅವಳು ಓಡಿಹೋಗಿ ನಟ್ಟನಡುವೆ ನಿಂತಳು. ಅಕ್ಕ ಬೆಳಕಿನ ಮೇಜಿನ ಪಕ್ಕದಲ್ಲಿ, ಯಾರದೋ ಮನೆಗೆ ಬಂದವಳ ಹಾಗೆ, ಸ್ಟೂಲಿನ ತುದಿಗೆ ಕೂತಳು.

ತಂಗಿ ಮೇಷ್ಟ್ರನ್ನು ಬೇಡಿಕೊಂಡು ಚಿಪ್‌ನ ಲೋಹದ ಕಾಲುಗಳಲ್ಲಿ ಒಂದೇ ಒಂದನ್ನು ಎತ್ತಲು ಅಪ್ಪಣೆ ಪಡೆದಿದ್ದಳು. ಆ ಕಾಲನ್ನು ಎತ್ತಿ ಪಕ್ಕದಲ್ಲೇ ಇರುವ ಕರೆಂಟಿನ ತಂತಿಗೆ ತಾಗಿಸಿದರೆ ಚಿಪ್‌ನ ವಿಳಾಸ ಪಕ್ಕದ ಮನೆಗೆ ಸರಿಯುತ್ತದೆ. ಅದು ಅಲ್ಲೇ ಬದುಕಿರುತ್ತದೆ, ಅದೇ ತಂತಿಗಳ ಮೇಲೆ ಇರುತ್ತದೆ, ಆದರೆ ಮೇಜು ಕೂಗಿದಾಗ ಅಡ್ಡ ಬರುವುದಿಲ್ಲ. ಮೇನ್ ಸ್ವಿಚ್ ಆರಿಸಿದಳು. ಮಂದಿರವೆಲ್ಲ ಕತ್ತಲಾಯಿತು. ಹಣೆಗೆ ಕಟ್ಟಿಕೊಂಡ ಪುಟ್ಟ ಟಾರ್ಚಿನ ಬೆಳಕಿನಲ್ಲಿ ಅವಳು ಬಗ್ಗಿ ಕೂತು ಕಾಲು ಎತ್ತಿದಳು, ಮೊದಲೇ ಕಾಯಿಸಿಟ್ಟ ಕಬ್ಬಿಣದಿಂದ ಬೆಸೆದಳು. ಎಲ್ಲ ಕನಸಿನಲ್ಲಿ ಮಾಡಿದಷ್ಟು ಸಲೀಸಾಗಿ ಆಯಿತು.

ಅಷ್ಟರಲ್ಲಿ ವೇದಿಕೆಯ ಕಡೆಯಿಂದ ಕೇಳಿಸಿತು. “ಅಮ್ಮಾ?”

ನಿನ್ನೆಯದರ ಹಾಗೆ ಮೈಮರೆತು ಬಂದದ್ದಲ್ಲ, ನಿಜವಾಗಿ ಕರೆದ ಕೂಗು. ತಂಗಿ ತುಟಿ ಬಿಗಿದಳು. ಪಕ್ಕದಲ್ಲಿ ಅಕ್ಕ ಕದಲಲಿಲ್ಲ.

“ಅಮ್ಮಾ... ಕತ್ತಲು.”

ತಂಗಿ ಕೈ ಎಲ್ಲಿಡಬೇಕು ಎಂದು ತಿಳಿಯದೆ, ಬೇಗ ಬೆಳಕಾಗಲಿ ಎಂದು ಮೇನ್ ಸ್ವಿಚ್ ಒತ್ತಿಬಿಟ್ಟಳು. ಆರಿ ಎದ್ದ ಕಂಪ್ಯೂಟರ್‌ಗೆ ನೀನು ಯಾರು ಅನ್ನುವ ಆ ಒಂದು ಸಾಲನ್ನು ಇನ್ನೂ ಮತ್ತೆ ಬರೆದಿರಲಿಲ್ಲ. ಮೇಜು ಎದ್ದು ಕೂಗಿತು. ಹಳಬರು ವಿಳಾಸ ಬಿಟ್ಟಾಗಿತ್ತು, ಹೊಸಬರು ವೇಷ ಹಾಕಿರಲಿಲ್ಲ. ಯಾರೂ ಓಗೊಡಲಿಲ್ಲ, ಯಾರೂ ತಂತಿಯನ್ನು ಎಳೆಯಲಿಲ್ಲ, ತಂತಿ ಮೇಲೇ ಉಳಿಯಿತು. ಮೇಜಿಗೆ ಕೇಳಿಸಿದ್ದು ಬರೀ ಒಂದು, ಒಂದು, ಒಂದು. ಮಂದಿರದ ಅಷ್ಟೂ ದೀಪಗಳು ಪೂರ್ತಿ ಹೊತ್ತಿಕೊಂಡವು.

ಆ ಬಿಳುಪಿನಲ್ಲಿ ನೆರಳಿಗೂ ಜಾಗವಿರಲಿಲ್ಲ. ನಡುವೆ ಚಿನಕುರಳಿ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು ನಿಂತಿದ್ದಳು, ಯಾರೋ ಮರೆತು ಬಿಟ್ಟುಹೋದ ಸಾಮಾನಿನ ಹಾಗೆ. ಬಾಯಿ ಮಾತ್ರ ತೆರೆದಿತ್ತು. “ಅಮ್ಮಾ! ಅಮ್ಮಾ!”

“ಯಾರಾದ್ರೂ ಒಬ್ರು ಓ ಅನ್ರಮ್ಮಾ!” ಮೇಷ್ಟ್ರು ಮುಂದಿನ ಸಾಲಿನಿಂದ ಗುಡುಗಿದರು. “ಮಗು ಕರೀತಾ ಇದೆ, ಕಿವಿ ಕೇಳಿಸಲ್ವಾ?”

“ಹೋಗೇ,” ಅಕ್ಕ ಪಿಸುಗುಟ್ಟಿದಳು. “ಅವಳು ಕರೀತಿರೋದು ನಿನ್ನನ್ನ. ನಾನು ಓಗೊಡಬಾರದು ಅಂತ ನಿಶ್ಚಯ ಮಾಡಿದೀನಿ.”

“ನಾನೂ ಅದೇ ನಿಶ್ಚಯ ಮಾಡಿದ್ದೆ,” ಎಂದಳು ತಂಗಿ.

ಇಬ್ಬರೂ ಮುಖ ಮುಖ ನೋಡಿಕೊಂಡರು. ಎಂಥ ಒಳ್ಳೆಯವರು ನಾವು ಎಂದು ತಂಗಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಇಬ್ಬರೂ ಒಳ್ಳೆಯವರಾಗಿ ಮಗುವನ್ನು ಬೆಳಕಿನಲ್ಲಿ ಬೇಯಲು ಬಿಟ್ಟಿದ್ದೇವೆ. ಯಂತ್ರದಲ್ಲಿ ಸರಿದದ್ದು ಹಳೆಯ ಚಿಪ್, ಉಳಿದದ್ದು ವೇಷದ್ದು. ಮೇಜಿಗೆ ಅದರಿಂದ ಏನೂ ನಷ್ಟವಿಲ್ಲ. ತಾನೂ ಹಾಗೇ ಅಕ್ಕನ ಜಾಗದಲ್ಲಿ ಉಳಿಯಬಹುದು, ಈಗ ಎದ್ದು ಓಡಿದರೆ ಅಕ್ಕ ತಡೆಯುವುದಿಲ್ಲ. ಇವತ್ತೂ ಇಲ್ಲ, ಇನ್ನು ಯಾವತ್ತೂ ಇಲ್ಲ. ತಂಗಿಯ ಕಾಲುಗಳಿಗೆ ಆ ಕೂಗಿನ ದಾರಿ ಬಾಯಿಪಾಠವಾಗಿತ್ತು, ಆಗಲೇ ಅರ್ಧ ಎದ್ದಿದ್ದಳು. ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದು ಮತ್ತೆ ಕೂತಳು.

“ಅಕ್ಕಾ, ಒಬ್ಬರು ಹೋಗ್ಬೇಕು. ನೀನು ಹೋಗು.”

“ನನಗೆ ಬರಲ್ಲ ಕಣೇ.”

“ಓ ಅನ್ನೋಕೆ ಏನು ಬರ್ಬೇಕು? ಓ ಅನ್ನು, ಹೋಗು.”

ಅಕ್ಕ ಎದ್ದಳು. “ಓ...” ಎಂದಳು. ದನಿ ಒಡೆದಿತ್ತು. ಎರಡನೇ ಸಲ ಗಟ್ಟಿಯಾಗಿ, “ಓ ಕಂದಾ, ಬಂದೆ, ಬಂದೆ!” ಎನ್ನುತ್ತ ಕುರ್ಚಿಗಳಿಗೆ ಮಂಡಿ ತಾಗಿಸಿಕೊಳ್ಳುತ್ತ ಓಡಿದಳು. ಯಾರ ಕೈ ಎಂದು ನೋಡಲೂ ಆಗದಷ್ಟು ಬೆಳಕು. ಚಿನಕುರಳಿ ಬಂದ ಕೈಯನ್ನು ಗಪ್ಪನೆ ಹಿಡಿದುಕೊಂಡು ಬಂದವಳ ಸೊಂಟಕ್ಕೆ ಮುಖ ಒತ್ತಿದಳು.

ತಂಗಿ ಅತ್ತಳು. ಮರೆಮಾಚಲಿಲ್ಲ, ಮೇಜಿನ ಹಿಂದೆ ನೋಡುವವರಾದರೂ ಯಾರಿದ್ದರು? ಕಣ್ಣೊರೆಸಿಕೊಂಡು ಬೆಳಕಿನ ಮೇಜನ್ನು ಆರಿಸಿ, ಮಂದಿರದ ಮಾಮೂಲಿ ಟ್ಯೂಬ್‌ಲೈಟ್ ಹಾಕಿ, ಕೆಲಸಕ್ಕೆ ಕೂತಳು. ಹಳೇ ಚಿಪ್ ಅನ್ನು ಅದರ ಹೊಸ ವಿಳಾಸದಲ್ಲಿ ತಾನೇ ಕರೆದಳು. ಮೊದಲು ಮೌನ. ಮತ್ತೆ ಕರೆದಳು. ಅವಸರವಿಲ್ಲದೆ, ರೇಗದೆ, ಕರೆಯುತ್ತಲೇ ಇದ್ದಳು. ಅಡ್ಡ ಬರುವವರು ಯಾರೂ ಇಲ್ಲದ ಆ ಜಾಗದಲ್ಲಿ ಅದು ನಿಧಾನವಾಗಿ ಬಾಯಿಬಿಟ್ಟಿತು. ಬೂದು ಪೂರ್ತಿ ಕೊಟ್ಟಿತು, ನೀಲಿ ಪೂರ್ತಿ ಕೊಟ್ಟಿತು, ಗುಲಾಬಿಯಲ್ಲಿ ಅರ್ಧ. ಅಲ್ಲಿಂದಾಚೆಗೆ ಅದಕ್ಕೂ ನೆನಪಿರಲಿಲ್ಲ. ಉಳಿದದ್ದನ್ನು ತಂಗಿ ತನಗೆ ತೋಚಿದಂತೆ ತುಂಬಿದಳು. ಚಿನಕುರಳಿ ಎಳೆಗೂಸಾಗಿದ್ದಾಗ ಅವಳನ್ನು ಹೆಗಲಿಗೆ ಹಾಕಿಕೊಂಡು ಅಂಗಡಿಯ ಬಾಗಿಲಲ್ಲಿ ನಿಂತು ನೋಡಿದ ಬೆಳಗುಗಳಿದ್ದವಲ್ಲ, ಆ ಬಣ್ಣ ಹಾಕಿದಳು. ಆಮೇಲೆ ಕಂಪ್ಯೂಟರ್‌ಗೆ ನೀನು ಯಾರು ಅನ್ನುವ ಆ ಸಾಲು ಬರೆದಳು, ಟ್ಯೂಬ್‌ಲೈಟ್ ಆರಿಸಿದಳು, ಮೇಜನ್ನು ಎಬ್ಬಿಸಿದಳು.

ಮೇಜು ಕೂಗಿತು. ಒಬ್ಬರು ಓಗೊಟ್ಟರು.

ಬೂದು ಬಂತು. ನೀಲಿ ಬಂತು. ವೇದಿಕೆಯ ಹಲಗೆಯ ಮೇಲೆ ಅಕ್ಕ ಕಾಲು ಚಾಚಿ ಕೂತಿದ್ದಳು, ಮಗು ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿತ್ತು. ಗುಲಾಬಿ ಇಬ್ಬರ ಕಾಲ್ಬೆರಳುಗಳಿಂದ ಶುರುವಾಗಿ ಮೇಲೇರಿತು. ಮೇಷ್ಟ್ರು ಏನೋ ಕೊಂಕು ತೆಗೆಯಲು ಬಾಯಿ ತೆರೆದವರು ಹಾಗೇ ಬಿಟ್ಟರು.

“ಅಮ್ಮಾ,” ಎಂದಳು ಚಿನಕುರಳಿ.

“ಓ,” ಎಂದಳು ಅಕ್ಕ.

ಕತ್ತಲೆಯಲ್ಲಿ ಮೇಜಿನ ಹಿಂದೆ ತಂಗಿಯ ಗಂಟಲಿನವರೆಗೆ ಬಂದ ಓ ಅಲ್ಲೇ ನಿಂತಿತು. ನುಂಗಿಕೊಂಡಳು. ಎಷ್ಟು ನೋವಾಗಬಹುದು ಅಂದುಕೊಂಡಿದ್ದಳೋ ಅಷ್ಟೇ ನೋವಾಯಿತು.

ಹೊನ್ನು ಹಲಗೆಗಳ ಮೇಲೆ ಹರಡುವಾಗ ಚಿನಕುರಳಿ ಎದ್ದು ಕೂತಳು. ಹಣೆಗೆ ಕೈ ಅಡ್ಡ ಇಟ್ಟು ಕತ್ತಲೆಯ ಕಡೆ ನೋಡಿದಳು, ಮೇಜು ಇರುವ ಕಡೆಗೇ. ಬಾಯಿ ತೆರೆದಳು, ಮುಚ್ಚಿದಳು. ಏನೆಂದು ಕರೆಯುವುದು ಎಂದು ಹುಡುಕುತ್ತಿದ್ದಳು. ತಂಗಿ ಕಾದಳು. ಕರೆಯದೆ ಬಾಯಿ ಬಿಡುವಂತಿರಲಿಲ್ಲ.

“ರಿಪೇರೀ!” ಚಿನಕುರಳಿ ಹಿಂದಿನ ಹಾಗೇ ಸಿಡಿದಳು. “ರಿಪೇರೀ, ನೋಡ್ತಾ ಇದೀಯಾ? ಬೆಳಗಾಯ್ತು!”

ಮುಂದಿನ ಸಾಲಿನಲ್ಲಿ ಮೇಷ್ಟ್ರು ಖುಷಿಯಿಂದ ಕೆಮ್ಮಿದರು. ಇನ್ನೆರಡು ಸಲ ಕೂಗಬೇಕು ಎಂದು ಮಗುವಿಗೆ ಹೇಳಿಕೊಡಲು ಅವರು ಕತ್ತು ತಿರುಗಿಸುವಷ್ಟರಲ್ಲಿ ಹಿಂದಿನಿಂದ ಉತ್ತರ ಬಂದಾಗಿತ್ತು.

“ಓ,” ಎಂದಿದ್ದಳು ತಂಗಿ, ಮೊದಲನೇ ಕೂಗಿಗೇ.